ಬೆಳಿಗ್ಗೆ ಎರಡು ನಿಮಿಷ ಮಾತ್ರ ಮಿಸ್ ಹೊಡೆಯುವ ಹಳೇ ಕಾರು: ಅನುಭವ ಇದ್ದವರು ಹೇಳಿ

ಸಕಲೇಶಪುರದಿಂದ, ಕೇಳಿದ್ದು

ಅಪ್ಪ ಓಡಿಸುತ್ತಿದ್ದ 2003ರ ಪೆಟ್ರೋಲ್ ಕಾರು ಈಗ ನನ್ನ ಪಾಲಿಗೆ ಬಂದಿದೆ. ನಾಲ್ಕು ಸಿಲಿಂಡರ್, ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸೋದು), ಓಡಿರೋದು 1,38,000 ಕಿಲೋಮೀಟರ್. ರಾತ್ರಿ ಪೂರ್ತಿ ನಿಂತಿದ್ದು ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಸೆಲ್ಫ್ ಸ್ವಲ್ಪ ಜಾಸ್ತಿ ಹೊಡೀಬೇಕು. ಹತ್ತಿಕೊಂಡ ಮೇಲೆ ಒಂದೂವರೆ ಎರಡು ನಿಮಿಷ ಇಡೀ ಗಾಡಿ ನಡುಗುತ್ತೆ, ಸೈಲೆನ್ಸರಲ್ಲಿ ತಾಳ ಹಾಕಿದ ಹಾಗೆ ಪಟ್... ಪಟ್... ಅಂತ ಸದ್ದು, ಸಿಲಿಂಡರಲ್ಲಿ ಪೆಟ್ರೋಲ್ ಹತ್ತದೆ ಮಿಸ್ ಹೊಡೆಯೋ ಹಾಗೆ. ಆಮೇಲೆ ತಾನಾಗೇ ಸರಿಹೋಗುತ್ತೆ. ಹಾಸನಕ್ಕೆ ಹೋಗಿ ಬಂದ್ರೂ ಒಂದೇ ಒಂದು ಸಲ ಮಿಸ್ ಇಲ್ಲ, ಪಿಕಪ್‌ಗೂ ತೊಂದರೆ ಇಲ್ಲ.

ಇಲ್ಲಿವರೆಗೆ ಕಿಡಿ ಕೊಡೋ ಸ್ಪಾರ್ಕ್ ಪ್ಲಗ್ ನಾಲ್ಕೂ ಹೊಸದು, ಬ್ಯಾಟರಿ ಹೊಸದು, ಏರ್ ಫಿಲ್ಟರ್ ಹೊಸದು. ಒಂದು ಚೂರೂ ವ್ಯತ್ಯಾಸ ಆಗಿಲ್ಲ. ಈಗ ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ (ಸೈಲೆನ್ಸರ್ ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯೋದು) ಹಾಕಿಬಿಡೋಣ ಅಂತಿದ್ದಾರೆ. ಇನ್ನೆರಡು ವಿಷಯ: ಕೂಲೆಂಟ್ ಡಬ್ಬಿಯಲ್ಲಿ ತಿಂಗಳಿಗೆ ಒಂದು ಬೆರಳು ಇಳಿಯುತ್ತೆ. ಅಮ್ಮ ಬೆಳಿಗ್ಗೆ ಗಾಡಿ ತೆಗೆದ ಮೇಲೆ ಶೆಡ್ಡೆಲ್ಲಾ ಪೆಟ್ರೋಲ್ ನಾತ ಅಂತಾರೆ, ನನ್ನ ಮೂಗಿಗೆ ಅಷ್ಟು ಗೊತ್ತಾಗಲ್ಲ. ಮುಂದೆ ಏನು ನೋಡಿಸಲಿ?

ಹಾಸನದಿಂದ

ಮೊದಲು ಆಕ್ಸಿಜನ್ ಸೆನ್ಸರ್ ಖರ್ಚು ನಿಲ್ಲಿಸಿ. ಆ ಸೆನ್ಸರ್ ಹೆಚ್ಚುಕಮ್ಮಿ 300 ಡಿಗ್ರಿ ಬಿಸಿ ಆಗೋವರೆಗೂ ಕೆಲಸಕ್ಕೆ ಬರಲ್ಲ. ಇಂಜಿನ್ ತಣ್ಣಗಿದ್ದಾಗ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಅದರ ಮಾತು ಕೇಳೋದೇ ಇಲ್ಲ, ತನ್ನಲ್ಲಿರೋ ಲೆಕ್ಕದ ಮೇಲೆ ಪೆಟ್ರೋಲ್ ಬಿಡುತ್ತೆ. ನಿಮ್ಮ ಗಾಡಿ ಕೆಡೋದು ಅದು ಮಲಗಿದ್ದಾಗ, ಸರಿಹೋಗೋದು ಅದು ಎದ್ದ ಮೇಲೆ. ಅದನ್ನ ಹಿಡಿದು ಯಾಕೆ ಬಡಿಯೋದು?

ನಾನು ಮೆಕ್ಯಾನಿಕ್ ಅಲ್ಲ. ಇಪ್ಪತ್ತು ವರ್ಷದಿಂದ ಹಳೇ ಕಾರುಗಳನ್ನೇ ಇಟ್ಟುಕೊಂಡು ಪೆಟ್ಟು ತಿಂದವನು. ಈ ಕಾಯಿಲೆಯಲ್ಲಿ ಎಲ್ಲರೂ ಮಾಡೋ ತಪ್ಪು ಒಂದೇ: ಬೆಳಿಗ್ಗೆ ಮಿಸ್ ಹೊಡೆದ ಗಾಡಿಯನ್ನ ಓಡಿಸಿಕೊಂಡು ಗ್ಯಾರೇಜಿಗೆ ಹೋಗ್ತೀವಿ. ಹೋಗಿ ಮುಟ್ಟೋಷ್ಟರಲ್ಲಿ ಇಂಜಿನ್ ಬಿಸಿ, ಕಾಯಿಲೆ ಮಾಯ. ಪಾಪ ಅವರಾದ್ರೂ ಏನು ನೋಡ್ತಾರೆ? ಅಂದಾಜಿನ ಮೇಲೆ ಸಾಮಾನು ಬದಲಾಯಿಸ್ತಾರೆ. ಹಿಂದಿನ ಸಂಜೆಯೇ ಗಾಡಿ ಅಲ್ಲಿ ಬಿಟ್ಟು ಬನ್ನಿ, ಬೆಳಿಗ್ಗೆ ನೀವು ಹೋಗೋವರೆಗೂ ಯಾರೂ ಕೀ ಮುಟ್ಟಬಾರದು ಅಂತ ಹೇಳಿ. ಅದು ಆಗದಿದ್ರೆ ಮನೆಯಲ್ಲೇ ನೋಡಿ, ಮೊದಲ ಮೂರು ನಾಲ್ಕು ಪರೀಕ್ಷೆಗೆ ಖರ್ಚೇ ಇಲ್ಲ.

ಒಂದೇ ಸಿಲಿಂಡರ್ ಬಿಟ್ಟುಹೋಗ್ತಿದೆಯೋ ನಾಲ್ಕೂ ತಡವರಿಸ್ತಿವೆಯೋ, ಅದು ಮೊದಲು ಗೊತ್ತಾಗಬೇಕು. ನೀವು ತಾಳ ಹಾಕಿದ ಹಾಗೆ ಅಂದ್ರಲ್ಲ, ಅದು ಒಂದು ಸಿಲಿಂಡರ್ ಸತ್ತ ಸದ್ದು. ನಾಲ್ಕೂ ತಡವರಿಸಿದ್ರೆ ತಾಳ ಇರಲ್ಲ, ಸುಮ್ಮನೆ ಎತ್ತೆತ್ತಿ ಹಾಕುತ್ತೆ, ಐಡ್ಲಿಂಗ್ ಮೇಲೆ ಕೆಳಗೆ ಆಡುತ್ತೆ. ನಾಲ್ಕಕ್ಕೂ ಒಟ್ಟಿಗೆ ತೊಂದರೆ ಕೊಡೋವು ಬೇರೆ: ಕೂಲೆಂಟ್ ಟೆಂಪರೇಚರ್ ಸೆನ್ಸರ್, ಪೆಟ್ರೋಲ್ ಪ್ರೆಶರ್, ಇಂಜಿನ್ನಿಗೆ ಗಾಳಿ ಬಿಡೋ ಥ್ರಾಟಲ್ ಬಾಡಿಯ ಮಸಿ, ಇಂಟೇಕ್ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಒಯ್ಯೋ ಕೊಳವೆ) ಬೇಡದ ಸಂದಿಯಿಂದ ಗಾಳಿ ನುಗ್ಗೋದು. ಇಸಿಯುಗೆ ಇಂಜಿನ್ ತಣ್ಣಗಿದೆ ಅಂತ ಹೇಳೋದು ಆ ಟೆಂಪರೇಚರ್ ಸೆನ್ಸರ್. ಅದು ಸುಳ್ಳು ಹೇಳಿದ್ರೆ, ತಣ್ಣಗಿನ ಇಂಜಿನ್ನಿಗೆ ಬಿಸಿ ಇಂಜಿನ್ನಿನ ಪೆಟ್ರೋಲ್ ಸಿಗುತ್ತೆ. ಮಲ್ಟಿಮೀಟರ್ ಇದ್ರೆ ನೋಡಬಹುದು, ಬಹಳಷ್ಟು ಕಾರುಗಳಲ್ಲಿ 20 ಡಿಗ್ರಿಯಲ್ಲಿ ಎರಡರಿಂದ ಮೂರು ಕಿಲೋಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು ತೋರಿಸುತ್ತೆ. ಆದ್ರೆ ನಿಮ್ಮದು ತಾಳದ ಮಿಸ್, ಇದು ಆಮೇಲಿನ ಮಾತು.

ಯಾವ ಸಿಲಿಂಡರ್ ಅಂತ ಹಿಡಿಯೋಕೆ ಪ್ಲಗ್ ವೈರ್ ಒಂದೊಂದೇ ಕೀಳೋ ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಬೇಡ. ಕೈಗೆ ಹೊಡೆಯೋ ಶಾಕ್ ಒಂದು ಕಡೆ, ಕಿಡಿಗೆ ದಾರಿ ಸಿಗದೆ ಅದನ್ನ ಹುಟ್ಟಿಸೋ ಕಾಯಿಲ್, ಇಗ್ನೈಟರ್ ಸುಡೋದು ಇನ್ನೊಂದು ಕಡೆ. ಇಂಜೆಕ್ಟರ್ ಕನೆಕ್ಟರ್ ಒಂದೊಂದಾಗಿ ತೆಗೆದ್ರೂ ಅದೇ ಉತ್ತರ ಬರುತ್ತೆ. ತೆಗೆದಾಗ ಇಂಜಿನ್ ಇನ್ನೂ ಕುಗ್ಗಿದ್ರೆ ಆ ಸಿಲಿಂಡರ್ ಜೀವಂತ, ಏನೂ ವ್ಯತ್ಯಾಸ ಇಲ್ಲದಿದ್ರೆ ಅದೇ ಸತ್ತಿರೋದು. ಇದಕ್ಕಿಂತ ಸುಲಭದ್ದು ನನಗೆ ಹಳಬರೊಬ್ಬರು ಕಲಿಸಿದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು, ಹೆಡ್‌ನಿಂದ ಹೊಗೆ ಹೊರಗೆ ಬರೋ ನಾಲ್ಕು ಕೊಳವೆಗಳ ಮೇಲೆ ಬೆರಳಲ್ಲಿ ಅದ್ದಿ ನೀರು ಚಿಮುಕಿಸಿ. ದೋಸೆ ಕಾವಲಿ ಕಾದಿದೆಯಾ ಅಂತ ನೋಡೋ ಹಾಗೆ. ಮೂರರ ಮೇಲೆ ಬೇಗ ಆರುತ್ತೆ, ಒಂದರ ಮೇಲೆ ಹಾಗೇ ಕೂತಿರುತ್ತೆ. ಕೂತಿದ್ದೇ ನಿಮ್ಮ ಸಿಲಿಂಡರ್. ಮೇಲೆ ತಗಡಿನ ಮುಚ್ಚಳ ಇದ್ರೆ ಹಿಂದಿನ ದಿನವೇ ಬಿಚ್ಚಿಡಿ.

ಅದು ಗೊತ್ತಾದ ಮೇಲೆ ಆ ಸಿಲಿಂಡರಿನ ಪ್ಲಗ್ ಬಿಚ್ಚಿ ನೋಡಿ. ಅದೂ ತಣ್ಣಗಿದ್ದಾಗಲೇ, ಮಿಸ್ ಹೊಡೀತಿರುವಾಗ ಆಫ್ ಮಾಡಿ. ಒಣ ಮಸಿ ಅಂದ್ರೆ ಪೆಟ್ರೋಲ್ ಜಾಸ್ತಿ. ಒದ್ದೆ, ಪೆಟ್ರೋಲ್ ವಾಸನೆ ಅಂದ್ರೆ ಕಿಡಿ ಬಂದಿಲ್ಲ, ಇಲ್ಲಾ ಪೆಟ್ರೋಲಲ್ಲಿ ಮುಳುಗಿದೆ. ಆಯಿಲ್ ಜಿಡ್ಡು ಅಂದ್ರೆ ವಾಲ್ವ್ ಸೀಲ್ ಅಥವಾ ಪಿಸ್ಟನ್ ರಿಂಗ್ ಸವೆದು ಆಯಿಲ್ ಒಳಗೆ ಬರ್ತಿದೆ, ಅದಕ್ಕೆ ಬೆಳಿಗ್ಗೆ ನೀಲಿ ಹೊಗೆಯೂ ಜೊತೆಗಿರುತ್ತೆ. ನಾಲ್ಕರಲ್ಲಿ ಒಂದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿದ್ರೆ ಕೂಲೆಂಟ್ ಒಳಗೆ ಬರ್ತಿದೆ. ನೀವು ಹೊಸ ಪ್ಲಗ್ ಹಾಕಿಸಿದ್ದು ಇದಕ್ಕಾದ್ರೂ ಒಳ್ಳೇದಾಯ್ತು, ಹೊಸದರ ಮೇಲೆ ಗುರುತು ಚೆನ್ನಾಗಿ ಕಾಣುತ್ತೆ. ಹಳೇವನ್ನ ಎಸೆದಿಲ್ಲ ತಾನೇ?

ಆಮೇಲೆ ಅದಲು ಬದಲು. ಆ ಸಿಲಿಂಡರಿನ ಪ್ಲಗ್ ಪಕ್ಕದ್ದಕ್ಕೆ, ಮರುದಿನ ವೈರ್ ಪಕ್ಕದ್ದಕ್ಕೆ. ದಿನಕ್ಕೆ ಒಂದೇ, ಎರಡು ಒಟ್ಟಿಗೆ ಮಾಡಿದ್ರೆ ಯಾವುದು ಅಂತ ಗೊತ್ತಾಗಲ್ಲ. ಸಾಮಾನಿನ ಜೊತೆಗೇ ಮಿಸ್ ಕೂಡ ಪಕ್ಕದ ಸಿಲಿಂಡರಿಗೆ ಹೋದ್ರೆ ಕಳ್ಳ ಸಿಕ್ಕ. ದಿನಕ್ಕೆ ಒಂದೇ ಬೆಳಿಗ್ಗೆ ಸಿಗೋದ್ರಿಂದ ವಾರ ಹಿಡಿಯುತ್ತೆ, ತಾಳ್ಮೆ ಇರಲಿ.

ಇನ್ನೊಂದು ಜೋಡಿ ಪರೀಕ್ಷೆ, ಅಮ್ಮ ಹೇಳಿದ ವಾಸನೆ ಓದಿ ನೆನಪಾಯ್ತು. ಒಂದು ದಿನ ಸೆಲ್ಫ್ ಹೊಡೆಯೋ ಮೊದಲು ಕೀ ಆನ್ ಮಾಡಿ ಎರಡು ಸೆಕೆಂಡ್ ಪಂಪಿನ ಗುಂಯ್ ಸದ್ದು ಕೇಳಿ ಆಫ್ ಮಾಡಿ, ಹಾಗೆ ಎರಡು ಮೂರು ಸಲ ಮಾಡಿ ಆಮೇಲೆ ಹೊಡೀರಿ. ಚೆನ್ನಾಗಿ ಹತ್ತಿದ್ರೆ ರಾತ್ರಿ ಪೆಟ್ರೋಲ್ ಲೈನಿನ ಪ್ರೆಶರ್ ಇಳಿದುಹೋಗ್ತಿದೆ. ಇನ್ನೊಂದು ದಿನ ಆಕ್ಸಿಲರೇಟರ್ ನೆಲಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೀರಿ, ಹತ್ತಿದ ತಕ್ಷಣ ಕಾಲು ತೆಗೀರಿ. ಹಲವು ಎಂಪಿಎಫ್‌ಐ ಗಾಡಿಗಳಲ್ಲಿ ಹಾಗೆ ಒತ್ತಿದ್ರೆ ಇಂಜೆಕ್ಟರ್ ಪೆಟ್ರೋಲ್ ಬಿಡೋದು ನಿಲ್ಲಿಸುತ್ತೆ, ಬರೀ ಗಾಳಿ ಹೋಗುತ್ತೆ. ಅದರಿಂದ ಬೇಗ ಹತ್ತಿದ್ರೆ ಒಳಗೆ ಮೊದಲೇ ಪೆಟ್ರೋಲ್ ತುಂಬಿ ಕೂತಿದೆ ಅಂತ ಅರ್ಥ. ಡಿಪ್‌ಸ್ಟಿಕ್ (ಇಂಜಿನ್ ಆಯಿಲ್ ಮಟ್ಟ ನೋಡೋ ಕಡ್ಡಿ) ಕೂಡ ಮೂಸಿ ನೋಡಿ, ಪೆಟ್ರೋಲ್ ವಾಸನೆ ಬರುತ್ತಾ ಅಂತ.

ಇದನ್ನೆಲ್ಲ ಶೆಡ್ಡಿನ ಒಳಗೆ ಮಾಡಬೇಡಿ, ತಳ್ಳಿ ಹೊರಗೆ ತನ್ನಿ. ಸೈಲೆನ್ಸರ್ ಹೊಗೆ ಮುಚ್ಚಿದ ಜಾಗದಲ್ಲಿ ಜೀವ ತೆಗೆಯುತ್ತೆ.

ಮಂಗಳೂರಿನಿಂದ

ನಮ್ಮ ಕಡೆ ಜೂನ್ ಬಂತು ಅಂದ್ರೆ ಇದೇ ಕತೆ ಮಾರಾಯ್ರೆ. ನನ್ನದು ಮಳೆಗಾಲದಲ್ಲಿ ಮಾತ್ರ ಮಿಸ್ ಹೊಡೀತಿತ್ತು, ಡಿಸೆಂಬರ್ ಚಳಿಗೆ ಏನೂ ಇಲ್ಲ. ಅದರಿಂದಲೇ ಗೊತ್ತಾದದ್ದು, ಇದು ಚಳಿಯ ಸಮಸ್ಯೆ ಅಲ್ಲ, ತೇವದ್ದು ಅಂತ. ಪ್ಲಗ್ ವೈರಿನ ರಬ್ಬರು ಹಳತಾಗಿ ಕಣ್ಣಿಗೆ ಕಾಣದ ಬಿರುಕು ಬಿಟ್ಟಿರ್ತದೆ. ರಾತ್ರಿಯ ತೇವ ಅದರಲ್ಲಿ ಕೂತರೆ ಕಿಡಿ ಪ್ಲಗ್ಗಿಗೆ ಹೋಗುವ ಬದಲು ಹತ್ತಿರದ ಕಬ್ಬಿಣಕ್ಕೆ ಹಾರ್ತದೆ. ಇಂಜಿನ್ ಬಿಸಿಗೆ ತೇವ ಒಣಗಿದ ಮೇಲೆ ಎಲ್ಲ ಸರಿ.

ಕತ್ತಲೆಯಲ್ಲಿ ಬಾನೆಟ್ ಎತ್ತಿ, ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿಯಲ್ಲಿ ವೈರುಗಳ ಮೇಲೆ ಮಂಜಿನ ಹಾಗೆ ಹೊಡೆದು ದೂರ ನಿಂತು ನೋಡಿ. ನನ್ನದರಲ್ಲಿ ನೀಲಿ ಕಿಡಿ ದೀಪಾವಳಿಯ ಹಾಗೆ ಕಾಣ್ತಿತ್ತು. ಡಿಸ್ಟ್ರಿಬ್ಯೂಟರ್ (ನಾಲ್ಕೂ ಪ್ಲಗ್ಗಿಗೆ ಕಿಡಿ ಹಂಚುವ ಭಾಗ) ಇರುವ ಗಾಡಿ ಆದ್ರೆ ಅದರ ಕ್ಯಾಪ್ ಒಳಗೂ ನೋಡಿ, ಕೂದಲಿನ ಹಾಗೆ ಕರಿ ಗೆರೆ ಇದ್ರೆ ಕ್ಯಾಪ್ ಹೋಯ್ತು ಅಂತ. ಡಿಸ್ಟ್ರಿಬ್ಯೂಟರ್ ಇಲ್ಲದೆ ಎರಡು ಕಾಯಿಲ್ ಇರುವ ಗಾಡಿಗಳೂ ಉಂಟು. ಅವುಗಳಲ್ಲಿ ಒಂದು ಕಾಯಿಲ್ ಒಂದು ಮತ್ತು ನಾಲ್ಕಕ್ಕೆ, ಇನ್ನೊಂದು ಎರಡು ಮತ್ತು ಮೂರಕ್ಕೆ. ಜೋಡಿ ಸಿಲಿಂಡರ್ ಎರಡೂ ಒಟ್ಟಿಗೆ ಸತ್ತರೆ ವೈರ್ ಬಿಟ್ಟು ಕಾಯಿಲ್ ನೋಡಿ.

ಹಾಂ, ಇಲಿ. ತೋಟದ ಮನೆ ಅಂದ್ರೆ ಇಲಿ ಇಲ್ಲದೆ ಇರ್ತದಾ? ಬೆಚ್ಚಗೆ ಅಂತ ಇಂಜಿನ್ ಮೇಲೆ ಬಂದು ಮಲಗಿ ಇಂಜೆಕ್ಟರ್ ವೈರು ಕಡಿದು ಹೋಗ್ತದೆ. ನನ್ನ ಭಾವನ ಗಾಡಿಯಲ್ಲಿ ಒಂದೇ ಎಳೆ ಉಳಿದಿತ್ತು, ಅದು ಮನಸ್ಸು ಬಂದಾಗ ತಾಗ್ತಿತ್ತು.

ಧಾರವಾಡದಿಂದ

ಕೂಲೆಂಟ್ ಇಳೀತೈತಿ ಅಂದ್ರಲ್ಲ ಸರ, ಆ ಮಾತು ಹಂಗ ಬಿಡಬ್ಯಾಡ್ರಿ. ನಂದೂ ಇದ ಹಾಡಿತ್ತು. ಮುಂಜಾನೆ ಒಂದ ನಿಮಿಷ ಮೂರ ಸಿಲಿಂಡರ್, ಬಿಳಿ ಹೊಗಿ, ಆಮ್ಯಾಲೆ ಗಾಡಿ ಮದುವಿ ಗಂಡಿನಂಗ ಓಡ್ತಿತ್ತು. ಒಂದು ಗ್ಯಾರೇಜಿನ್ಯಾಗ ಕಾಯಿಲ್ ಹಾಕಿದ್ರು, ಇನ್ನೊಂದ್ರಾಗ ಇಸಿಯು ಬಿಚ್ಚಿ ಕಳಸೂಣು ಅಂದ್ರು. ಆರು ತಿಂಗಳು ಹಿಂಗ ಹೋತು. ಕಡೀಕ್ ನೋಡಿದ್ರ ಹೆಡ್ ಗ್ಯಾಸ್ಕೆಟ್, ಅಂದ್ರ ಇಂಜಿನ್ ಬ್ಲಾಕಿಗೂ ಮ್ಯಾಲಿನ ಹೆಡ್ಡಿಗೂ ನಡುವಿನ ಸೀಲು, ಹೋಗಿತ್ತು.

ಆಗೋದು ಹಿಂಗ. ಗಾಡಿ ಬಂದ್ ಮಾಡಿದ ಮ್ಯಾಲೂ ರೇಡಿಯೇಟರ್ ಒಳಗ ಪ್ರೆಶರ್ ಇರ್ತೈತಿ. ಗ್ಯಾಸ್ಕೆಟ್ ಎಲ್ಲೆರೆ ಕೂದಲೆಳಿಯಷ್ಟು ಬಿಟ್ಟಿತ್ತಂದ್ರ ಆ ಪ್ರೆಶರ್ ಕೂಲೆಂಟನ್ನ ಸಿಲಿಂಡರ್ ಒಳಗ ನೂಕ್ತೈತಿ. ಮುಂಜಾನೆ ಪ್ಲಗ್ ಒದ್ದಿ, ಕಿಡಿ ಇಲ್ಲ. ಒಂದ ನಿಮಿಷದಾಗ ಅದೆಲ್ಲ ಆವಿ ಆಗಿ ಹೊರಗ ಹೋದ ಮ್ಯಾಲೆ ಗಾಡಿ ಆರಾಮ. ಸೋರೋದು ಹನಿ ಲೆಕ್ಕದಾಗ, ಅದಕ್ಕ ಟೆಂಪರೇಚರ್ ಮುಳ್ಳು ಏನೂ ಹೇಳಂಗಿಲ್ಲ, ಆಯಿಲ್ ಹಾಲಿನಂಗ ಆಗಂಗಿಲ್ಲ. ಅದಕ್ಕ ಯಾರಿಗೂ ಅನುಮಾನ ಬರಂಗಿಲ್ಲ.

ನೋಡೂದು ಹ್ಯಾಂಗಂದ್ರ, ಸಂಜಿಮುಂದ ರೇಡಿಯೇಟರಿಗೆ ಪ್ರೆಶರ್ ಪಂಪ್ ಹಚ್ಚಿ, ಕ್ಯಾಪ್ ಮ್ಯಾಲೆ ಬರೆದಷ್ಟ ಪ್ರೆಶರ್ ಕೊಟ್ಟು ರಾತ್ರಿ ಬಿಡ್ರಿ. ಮುಂಜಾನೆ ಪ್ಲಗ್ ನಾಲ್ಕೂ ತಗದು, ಕಿಡಿ ಮತ್ತ ಪೆಟ್ರೋಲ್ ಎರಡೂ ಬಂದ್ ಮಾಡಿ ಸೆಲ್ಫ್ ಹೊಡದ್ರ ಯಾವ ತೂತಿನಿಂದ ಕೂಲೆಂಟ್ ಹಾರತೈತಿ ಕಣ್ಣಿಗೇ ಕಾಣ್ತೈತಿ. ಮಾರಿ ದೂರ ಇಡ್ರಿ. ಆದ್ರ ಅದಕ್ಕಿಂತ ಮೊದಲ ಹೊರಗಿನ ಹೋಸ್, ಕ್ಲಿಪ್, ವಾಟರ್ ಪಂಪ್ ಎಲ್ಲಾ ನೋಡ್ರಿ. ಕ್ಲಿಪ್ ಬಿಗಿ ಮಾಡೋದಕ್ಕ ಹತ್ತು ರೂಪಾಯಿ, ಹೆಡ್ ಇಳಸೋದಕ್ಕ ಹತ್ತು ಸಾವಿರದ ಮ್ಯಾಲೆ.

ದಾವಣಗೆರೆಯಿಂದ

ಗ್ಯಾಸ್ ಕಿಟ್ ಹಾಕಿಸಿದ ಗಾಡಿನಾ? ಹಾಗಿದ್ರೆ ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನ ಒತ್ತೋ ಭಾಗಕ್ಕೂ ನಡುವಿನ ಸಂದು) ನೋಡಿಸಿ. ಗ್ಯಾಸಲ್ಲಿ ಬಹಳ ಓಡಿದ್ರೆ ಎಕ್ಸಾಸ್ಟ್ ವಾಲ್ವ್ ಕೂರೋ ಸೀಟು ಸವೆದು ವಾಲ್ವ್ ಒಳಗೆ ಹೋಗುತ್ತೆ, ಗ್ಯಾಪ್ ಕಮ್ಮಿ ಆಗುತ್ತೆ, ವಾಲ್ವ್ ಪೂರ್ತಿ ಮುಚ್ಚಲ್ಲ, ಕಂಪ್ರೆಷನ್ ಸೋರುತ್ತೆ. ಟ್ಯಾಪೆಟ್ ಸದ್ದು ಮಾಡಿದ್ರೆ ಎಲ್ಲರಿಗೂ ಕೇಳುತ್ತೆ, ಬಿಗಿಯಾದ್ರೆ ಇನ್ನೂ ಸ್ಮೂತ್ ಆಯ್ತು ಅಂತ ಖುಷಿಪಡ್ತೀವಿ. ಗ್ಯಾಸ್ ಇಲ್ಲದಿದ್ರೆ ನನ್ನ ಮಾತು ಬಿಡಿ.

ಬೆಂಗಳೂರಿನಿಂದ

ಯಾರೂ ಪೆಟ್ರೋಲ್ ಬಗ್ಗೆ ಹೇಳ್ತಿಲ್ಲ. 2023ರ ಫೆಬ್ರವರಿಯಲ್ಲಿ ಇದೇ ಬೆಂಗಳೂರಲ್ಲಿ ಇ20 (ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್) ಬಿಡುಗಡೆ ಆಯ್ತು, ಈಗ ಬಂಕಿನಲ್ಲಿ ಬೇರೆ ಆಯ್ಕೆ ಹುಡುಕೋದೇ ಕಷ್ಟ. 2003ರ ಗಾಡಿ ಈ ಲೆಕ್ಕಕ್ಕೆ ಮಾಡಿದ್ದಲ್ಲ. ಒಂದು ಕೆಜಿ ಪೆಟ್ರೋಲ್ ಸುಡೋಕೆ ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲಿಗೆ ಒಂಬತ್ತು ಸಾಕು. ಅಂದ್ರೆ ಹಳೇ ಲೆಕ್ಕದಲ್ಲೇ ಬಿಟ್ರೆ ಮಿಶ್ರಣ ತೆಳು ಆಗುತ್ತೆ, ಗಾಳಿ ಜಾಸ್ತಿ ಇಂಧನ ಕಮ್ಮಿ. ಬಿಸಿ ಆದ ಮೇಲೆ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಸರಿಮಾಡುತ್ತೆ, ತಣ್ಣಗಿದ್ದಾಗ ಮಾಡಲ್ಲ. ಮೇಲಿಂದ ಎಥನಾಲ್ ಆವಿಯಾಗೋಕೆ ಪೆಟ್ರೋಲಿಗಿಂತ ದುಪ್ಪಟ್ಟಿಗೂ ಹೆಚ್ಚು ಶಾಖ ಬೇಕು. ನನ್ನ ಹಳೇ ಗಾಡಿ ಈಗ ಚಳಿಗಾಲದಲ್ಲಿ ಮೊದಲಿನಷ್ಟು ಚುರುಕಾಗಿ ಹತ್ತಲ್ಲ. ಹಳೇ ರಬ್ಬರ್ ಪೈಪ್, ಓರಿಂಗ್ (ಸೋರದ ಹಾಗೆ ಹಾಕೋ ರಬ್ಬರ್ ಬಳೆ) ಕೂಡ ಒಮ್ಮೆ ನೋಡಿಸಿ.

ಬ್ಲೂಟೂತ್ ಸ್ಕ್ಯಾನರ್ ತಗೊಳ್ಳಿ ಅಂತ ಯಾರಾದ್ರೂ ಹೇಳಿದ್ರೆ ಮೊದಲು ನಿಮ್ಮ ಗಾಡಿಗೆ ಕೂರುತ್ತಾ ಕೇಳಿ. ನಮ್ಮಲ್ಲಿ ಒಬಿಡಿ (ಗಾಡಿ ತನ್ನ ದೋಷ ತಾನೇ ಗುರುತಿಸಿ ಸ್ಕ್ಯಾನರಿಗೆ ಕೋಡಲ್ಲಿ ಹೇಳೋ ವ್ಯವಸ್ಥೆ) ಕಡ್ಡಾಯ ಆಗಿದ್ದೇ 2010ರಲ್ಲಿ, ಎರಡನೇ ಹಂತ 2013ರಲ್ಲಿ. ಹೊಸ ಗಾಡಿ ಆಗಿದ್ರೆ ಪಿ0301, ಪಿ0302 ಅಂತ ಸಿಲಿಂಡರ್ ನಂಬರ್ ಸಮೇತ ಹೇಳಿಬಿಡುತ್ತಿತ್ತು.

ಹಾಸನದಿಂದ, ಮತ್ತೆ

ಬೆಂಗಳೂರಿನವರ ಲೆಕ್ಕ ಸರಿ, ಆದ್ರೆ ಈಗ ಗಾಡಿ ಕೆಮ್ಮಿದ್ರೂ ಎಥನಾಲ್ ಅನ್ನೋದು ಶುರುವಾಗಿದೆ. ಬಂಕಿನ ಪೆಟ್ರೋಲ್ ನಾಲ್ಕೂ ಸಿಲಿಂಡರಿಗೆ ಒಂದೇ ಅಲ್ವಾ? ಒಂದೇ ಸಿಲಿಂಡರ್ ಹುಡುಕಿಕೊಂಡು ಹೋಗಿ ಅದು ತೊಂದರೆ ಕೊಡಲ್ಲ. ಹಳೇ ರಬ್ಬರಿನ ಮಾತು ಮಾತ್ರ ಒಪ್ಪಿದೆ. ಸಕಲೇಶಪುರದವರು ನೀರು ಚಿಮುಕಿಸಿ ನೋಡಿ ಬರಲಿ, ಆಮೇಲೆ ಮಾತಾಡೋಣ.

ಸಕಲೇಶಪುರದಿಂದ, ಹದಿನಾರು ದಿನದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಗ್ಯಾಸ್ ಕಿಟ್ ಇಲ್ಲ, ಬರೀ ಪೆಟ್ರೋಲ್. ನಡೆದದ್ದು ಇಷ್ಟು.

ನೀರು ಚಿಮುಕಿಸಿದ್ದಕ್ಕೆ ಎರಡನೇ ಕೊಳವೆ ಮೇಲೆ ಹನಿ ಹಾಗೇ ಕೂತಿತ್ತು. ಮೂರು ದಿನ ನೋಡಿದೆ, ಮೂರೂ ದಿನ ಅದೇ. ಪ್ಲಗ್ ಬಿಚ್ಚಿದ್ರೆ ಕಪ್ಪಗೆ ಒದ್ದೆ, ಘಾಟು ಪೆಟ್ರೋಲ್ ವಾಸನೆ. ಅಮ್ಮನ ಮೂಗು ಸರಿ ಇತ್ತು. ಪ್ಲಗ್ ಮೂರನೇದಕ್ಕೆ ಹಾಕಿದೆ, ಮಿಸ್ ಎರಡರಲ್ಲೇ ಉಳೀತು. ವೈರ್ ಬದಲಾಯಿಸಿದೆ, ಆಗಲೂ ಎರಡರಲ್ಲೇ. ಮಂಗಳೂರಿನವರು ಹೇಳಿದ ಹಾಗೆ ಕತ್ತಲಲ್ಲಿ ಸ್ಪ್ರೇ ಹೊಡೆದೂ ನೋಡಿದೆ, ಯಾವ ದೀಪಾವಳಿಯೂ ಇಲ್ಲ. ಕೀ ಎರಡು ಮೂರು ಸಲ ಆನ್ ಮಾಡಿ ಸ್ಟಾರ್ಟ್ ಮಾಡಿದ ದಿನ ನಡುಕ ಇನ್ನೂ ಜಾಸ್ತಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹೊಡೆದ ದಿನ ಬೇಗ ಹತ್ತಿತು, ಒಂದು ಸಲ ಕಪ್ಪು ಹೊಗೆ ಉಗುಳಿತು.

ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಓದಿ, ಸೆನ್ಸರ್ ಮಾತು ತೆಗೀಲೇ ಇಲ್ಲ. ಎರಡು ಮತ್ತು ಮೂರನೇ ಇಂಜೆಕ್ಟರ್ ಅದಲು ಬದಲು ಮಾಡಿ, ಹೊಸ ಓರಿಂಗ್ ಹಾಕಿ, ಗಾಡಿ ರಾತ್ರಿ ಅಲ್ಲೇ ಇಟ್ಟುಕೊಂಡರು. ಬೆಳಿಗ್ಗೆ ಮೂರನೇ ಕೊಳವೆ ತಣ್ಣಗೆ! ನಾಲ್ಕೂ ಇಂಜೆಕ್ಟರ್ ಬಿಚ್ಚಿ ಹಾಸನದಲ್ಲಿ ಟೆಸ್ಟ್ ಬೆಂಚಿಗೆ ಹಾಕಿದ್ರೆ ಮೂರು ಇಂಜೆಕ್ಟರ್‌ಗಳ ಬಾಯಿ ಒಣಗಿತ್ತು, ಒಂದು ಮಾತ್ರ ಮುಚ್ಚಿದ್ದಾಗಲೂ ಹನಿ ಕಟ್ಟುತ್ತಿತ್ತು. ರಾತ್ರಿಯೆಲ್ಲ ಲೈನಿನಲ್ಲಿ ಉಳಿದ ಪ್ರೆಶರಿಗೆ ಅದೇ ತೊಟ್ಟಿಕ್ಕಿ ಎರಡನೇ ಸಿಲಿಂಡರಲ್ಲಿ ತುಂಬುತ್ತಿದ್ದದ್ದು. ಕ್ಲೀನ್ ಮಾಡಿದ ಮೇಲೂ ಪೂರ್ತಿ ನಿಲ್ಲಲಿಲ್ಲ, ಹಾಗಾಗಿ ಒಂದು ಹೊಸದು ತಂದೆ. ಡಿಪ್‌ಸ್ಟಿಕ್ಕಲ್ಲೂ ಪೆಟ್ರೋಲ್ ವಾಸನೆ ಇತ್ತು, ಆಯಿಲ್ ಬದಲಾಯಿಸಿದ್ದಾಯ್ತು.

ಧಾರವಾಡದವರೇ, ನಿಮ್ಮ ಮಾತು ಓದಿ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ. ಕೂಲೆಂಟ್ ಸೋರ್ತಿದ್ದದ್ದು ರೇಡಿಯೇಟರಿನ ಕೆಳಗಿನ ಹೋಸ್ ಕ್ಲಿಪ್ಪಲ್ಲಿ, ಒಣಗಿದ ಹಸಿರು ಕಲೆ ಇತ್ತು. ಬಿಗಿ ಮಾಡಿ ಡಬ್ಬಿ ಮೇಲೆ ಟೇಪ್ ಅಂಟಿಸಿ ಗುರುತು ಹಾಕಿದ್ದೀನಿ, ಒಂದು ವಾರದಿಂದ ಇಳಿದಿಲ್ಲ.

ಆರು ಬೆಳಿಗ್ಗೆ ಆಯ್ತು, ಒಂದೇ ಸೆಲ್ಫಿಗೆ ಹತ್ತುತ್ತಿದೆ. ಮೊನ್ನೆ ತುಂಬಾ ಮಂಜಿದ್ದ ದಿನ ಒಂದೆರಡು ಸಲ ನಡುಗಿದ ಹಾಗನ್ನಿಸ್ತು, ನನ್ನ ಭ್ರಮೆಯೂ ಇರಬಹುದು. ಆ ಕಪ್ಪಾದ ಪ್ಲಗ್ ಒರೆಸಿ ಅದನ್ನೇ ಹಾಕಿದ್ದೀನಿ, ಸಾಕಾ?

ಹಾಸನದಿಂದ

ಒರೆಸಿದ್ರೆ ಒಳಗಿನ ಪಿಂಗಾಣಿ ಮೇಲಿನ ಮಸಿ ಹೋಗಲ್ಲ, ಕಿಡಿ ಅದರ ಮೇಲೇ ಜಾರಿಹೋಗುತ್ತೆ. ಮಂಜಿನ ದಿನದ ನಡುಕ ಅದೇ ಇರಬೇಕು. ಹಳೇ ನಾಲ್ಕರಲ್ಲಿ ಚೆನ್ನಾಗಿರೋ ಒಂದನ್ನ ಫೀಲರ್ ಗೇಜಲ್ಲಿ (ಸಂದು ಅಳೆಯೋ ತೆಳು ಪಟ್ಟಿ) ಗ್ಯಾಪ್ ನೋಡಿ ಹಾಕಿ. ಎಸೆದಿದ್ರೆ ಒಂದು ಹೊಸದು ತಗೊಳ್ಳಿ, ಮಿಕ್ಕ ಮೂರರದ್ದೇ ನಂಬರ್ ಇರಲಿ.